ಟ್ಯೂನರ್ ನಂಬದ ಶೂಟರ್‌ಗೆ ಗ್ರೂಪ್ ತೋರಿಸಬೇಡಿ

ಶೂಟಿಂಗ್ ರೇಂಜ್‌ನಲ್ಲಿ ಟ್ಯೂನರ್, ಅಂದರೆ ಗುರಿ ಸುಧಾರಿಸಲೆಂದು ರೈಫಲ್ ನಳಿಗೆಯ ತುದಿಗೆ ಹಾಕುವ ತೂಕದ, ಮಾತೆತ್ತಿದರೆ ಜಗಳ ಯಾವಾಗಲೂ ಒಂದೇ ದಾರಿ ಹಿಡಿಯುತ್ತದೆ. ಟ್ಯೂನರ್ ಹಾಕಿಕೊಂಡವರು ಫೋನ್ ತೆಗೆದು, ಐದು ಗುಂಡು ಒಂದೇ ತೂತಿನಲ್ಲಿ ಹೊಕ್ಕ ಕಾಗದದ ಫೋಟೊ ತೋರಿಸುತ್ತಾರೆ. ನಂಬದವರು ಅದನ್ನು ನೋಡಿ, "ಸರಿ, ಇದರ ಮುಂದಿನ ಐದು ಎಲ್ಲಿ ಬಿದ್ದವು?" ಎಂದು ಕೇಳುತ್ತಾರೆ. ಉತ್ತರ ಇರುವುದಿಲ್ಲ. ಟ್ಯೂನರ್ ಕೆಲಸ ಮಾಡುತ್ತದೆ ಅನ್ನುವ ಪಕ್ಷದವನೇ ನಾನು. ಆದರೂ ಈ ಜಗಳದಲ್ಲಿ ನ್ಯಾಯ ನಂಬದವರ ಕಡೆಗಿದೆ. ಐದು ಗುಂಡಿನ ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ತೂತಿನ ಗುಂಪು, ಏನನ್ನೂ ಸಾಬೀತು ಮಾಡುವುದಿಲ್ಲ. ಟ್ಯೂನರ್ ಮಾಡುವ ಕೆಲಸ ಯಾವುದೋ ಅದನ್ನೇ ನೇರವಾಗಿ ಅಳೆದು ತೋರಿಸಬೇಕು. ಅದಕ್ಕೆ ಬೇಕಾಗುವುದು ಎರಡು ಲಾಟ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತು) ಗುಂಡು, ಗುಂಡಿನ ವೇಗ ಅಳೆಯುವ ಒಂದು ಕ್ರೋನೋಗ್ರಾಫ್, ಗಾಳಿಯಿಲ್ಲದ ಒಂದು ಬೆಳಗು, ಜೊತೆಗೆ ಆ ನಂಬದ ಸ್ನೇಹಿತರೇ.

ಇಲ್ಲಿ ಹೇಳುವುದೆಲ್ಲ 50 ಮೀಟರ್‌ಗೆ ಹೊಡೆಯುವ ಪಾಯಿಂಟ್ 22 ರಿಮ್‌ಫೈರ್ (ಹೊತ್ತಿಸುವ ಮದ್ದು ತೋಟಾದ ತಳದ ಅಂಚಿನಲ್ಲಿರುವ) ರೈಫಲ್‌ಗೆ ಸಂಬಂಧಿಸಿದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಸ್ಪರ್ಧೆಯ ದೂರ ಮತ್ತು ಕ್ಯಾಲಿಬರ್ ಇವೇ. ಕೊಡಗಿನ ಕೈಲ್‌ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗೆ ಇದರಿಂದ ಏನೂ ಲಾಭವಿಲ್ಲ. ಕಾಯಿ ದೊಡ್ಡದು, ನಾವು ಲೆಕ್ಕ ಹಾಕುವುದು ಮಿಲಿಮೀಟರ್‌ಗಳಲ್ಲಿ.

ಮೊದಲು ನಿಮ್ಮ ವಾದ ಏನೆಂದು ಸರಿಪಡಿಸಿಕೊಳ್ಳಿ

ಟ್ಯೂನರ್ ಅಂದರೆ ನಳಿಗೆಯ ಬಾಯಿಯ ಹತ್ತಿರ ಕೂರಿಸುವ, ಹಿಂದೆ ಮುಂದೆ ಸರಿಸಬಹುದಾದ ಒಂದು ತೂಕ. ಅಷ್ಟೇ. "ಇದು ನಳಿಗೆಯ ಕಂಪನವನ್ನೇ ನಿಲ್ಲಿಸುತ್ತದೆ" ಎಂದು ಹೇಳುವವರಿದ್ದಾರೆ. ಆ ಮಾತು ನಿಮ್ಮ ಬಾಯಿಂದ ಬಂದರೆ ಭೌತಶಾಸ್ತ್ರ ಬಲ್ಲ ಯಾರೇ ಆದರೂ ಅಲ್ಲೇ ಎದ್ದು ಹೋಗುತ್ತಾರೆ. ಕಂಪನ ನಿಲ್ಲುವುದಿಲ್ಲ, ಅದರ ಹೊತ್ತು ಬದಲಾಗುತ್ತದೆ. ಅಡಿಕೆ ಕೊಯ್ಯುವ ದೋಟಿಯನ್ನು ಎತ್ತಿ ಹಿಡಿದವರಿಗೆ ಇದು ಗೊತ್ತು: ತುದಿಯಲ್ಲಿ ಕತ್ತಿ ಕಟ್ಟಿದ ಮೇಲೆ ದೋಟಿ ಓಲಾಡುವುದು ನಿಲ್ಲುವುದಿಲ್ಲ, ಓಲಾಟ ನಿಧಾನವಾಗುತ್ತದೆ.

ಬಂದೂಕಿನ ನಳಿಗೆ ಹೀಗೆ ಬಾಗಿ ಏಳುವುದು ಹೊಸ ಸುದ್ದಿಯೇನಲ್ಲ. ಎ. ಮ್ಯಾಲಕ್ ಎಂಬವರು ರೈಫಲ್ ನಳಿಗೆಯ ಕಂಪನದ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಕೊಟ್ಟದ್ದು 1901ರಲ್ಲಿ. ಮದ್ದು ಹೊತ್ತಿದ ಮೇಲೆ ಪಾಯಿಂಟ್ 22 ಗುಂಡು ಉದ್ದ ನಳಿಗೆಯನ್ನು ದಾಟಲು ಎರಡೂವರೆ ಮಿಲಿಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ನಳಿಗೆಯ ಬಾಯಿ ಸುಮ್ಮನಿರುವುದಿಲ್ಲ, ಮೇಲೆ ಕೆಳಗೆ ಚಲಿಸುತ್ತಿರುತ್ತದೆ.

ಇನ್ನು ಗುಂಡಿನ ವೇಗ. ಒಳ್ಳೆಯ ಮ್ಯಾಚ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ, 50 ಮೀಟರ್ ತಲುಪಲು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ನಳಿಗೆಯ ನೇರಕ್ಕಿಂತ ಸುಮಾರು 127 ಮಿ.ಮೀ. ಕೆಳಗಿಳಿದಿರುತ್ತದೆ. ಒಂದು ಗುಂಡು ಸೆಕೆಂಡಿಗೆ 9 ಮೀಟರ್ ನಿಧಾನವಾಗಿ ಹೊರಟರೆ ಇನ್ನೂ 7 ಮಿ.ಮೀ. ಕೆಳಗೆ ಬೀಳುತ್ತದೆ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಡ್ಡಳತೆಯೇ 10.4 ಮಿ.ಮೀ., ದಶಾಂಶ ಲೆಕ್ಕದಲ್ಲಿ ಪ್ರತಿ 0.8 ಮಿ.ಮೀ.ಗೆ 0.1 ಅಂಕ. ಆ 7 ಮಿ.ಮೀ. ಎಂದರೆ ಹೆಚ್ಚುಕಡಿಮೆ 0.9 ಅಂಕ ಕೈಬಿಟ್ಟ ಹಾಗೆ.

ನಿಧಾನದ ಗುಂಡು ನಳಿಗೆಯಿಂದ ಹೊರಬರುವುದೂ ತಡವಾಗಿಯೇ. ಆ ಕ್ಷಣಕ್ಕೆ ನಳಿಗೆಯ ಬಾಯಿ ಮೇಲಕ್ಕೆ ಏಳುತ್ತಿದ್ದರೆ ತಡವಾದ ಗುಂಡಿಗೆ ಒಂದಿಷ್ಟು ಹೆಚ್ಚು ಎತ್ತರದ ಕೋನ ಸಿಗುತ್ತದೆ, ಬೇಗ ಹೊರಟದ್ದಕ್ಕೆ ಕಡಿಮೆ. ಎರಡೂ ಒಂದೇ ಎತ್ತರದಲ್ಲಿ ಬಂದು ಬೀಳುತ್ತವೆ. ಟ್ಯೂನರ್ ಮಾಡುವುದು ಇಷ್ಟೇ: ಗುಂಡು ಹೊರಬರುವ ಹೊತ್ತಿಗೆ ನಳಿಗೆ ತಕ್ಕ ವೇಗದಲ್ಲಿ ಮೇಲೇಳುತ್ತಿರುವಂತೆ ಹೊತ್ತು ಹೊಂದಿಸುವುದು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ ತ್ರೀ ನಾಟ್ ತ್ರೀ, ಅಂದರೆ ಲೀ ಎನ್‌ಫೀಲ್ಡ್, ಯಾವ ಟ್ಯೂನರ್ ಇಲ್ಲದೆಯೇ ಈ ಗುಣಕ್ಕೆ ಹೆಸರಾಗಿತ್ತು. ಹತ್ತಿರಕ್ಕೆ ಸಾಧಾರಣ, 800-1000 ಗಜಕ್ಕೆ ನಿರೀಕ್ಷೆಗಿಂತ ಚೆನ್ನ ಎಂದು ಇಂಗ್ಲೆಂಡಿನ ಸ್ಪರ್ಧೆಗಳಲ್ಲಿ ಹೊಡೆಯುತ್ತಿದ್ದವರು ಕಂಡುಕೊಂಡಿದ್ದರು.

ವಾದವನ್ನು ಹೀಗೆ ಇಟ್ಟರೆ ಮೂರು ಮಾತು ತಾನಾಗಿ ಹೊರಬೀಳುತ್ತವೆ. ಟ್ಯೂನರ್‌ನಿಂದ ಎತ್ತರದ ಹರಡಿಕೆ ಕಡಿಮೆಯಾಗಬೇಕು, ಎಡಬಲದ್ದಲ್ಲ. ಗುಂಡುಗಳ ವೇಗದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಲಾಭವೂ ಕಾಣಬಾರದು. ಒಂದು ದೂರಕ್ಕೆ ಸರಿಹೊಂದಿದ್ದು ಇನ್ನೊಂದು ದೂರಕ್ಕೆ ಸರಿಹೊಂದಬಾರದು. ಪರೀಕ್ಷೆ ಶುರುವಾಗುವ ಮುನ್ನ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಸ್ನೇಹಿತರ ಕೈಗೆ ಕೊಡಿ. ನಿಮ್ಮ ಮಾತು ತಪ್ಪಾಗಲು ಎಲ್ಲೆಲ್ಲಿ ಅವಕಾಶವಿದೆ ಎಂದು ನೀವೇ ತೋರಿಸಿಕೊಟ್ಟರೆ ಅವರೂ ಕೂತು ಕೇಳುತ್ತಾರೆ.

ಗ್ರೂಪ್ ಯಾಕೆ ಬೇಡ

ಏನನ್ನೂ ಬದಲಿಸದೆ, ಒಂದೇ ರೈಫಲ್, ಒಂದೇ ಲಾಟ್‌ನಿಂದ ಐದೈದು ಗುಂಡಿನ ಹತ್ತು ಗ್ರೂಪ್ ಹೊಡೆದು ನೋಡಿ. ಅತಿ ದೊಡ್ಡ ಗ್ರೂಪ್ ಅತಿ ಚಿಕ್ಕದರ ಎರಡು ಪಟ್ಟು ಇರುವುದು ಮಾಮೂಲಿ. ಈಗ ಅದೇ ಹತ್ತು ಗ್ರೂಪನ್ನು ಟ್ಯೂನರ್‌ನ ಹತ್ತು ಸೆಟ್ಟಿಂಗ್‌ನಲ್ಲಿ ಒಂದೊಂದರಂತೆ ಹೊಡೆದಿರಿ ಎಂದುಕೊಳ್ಳಿ. ಚಿಕ್ಕದು ಬಂದ ಸೆಟ್ಟಿಂಗ್‌ಗೆ "ಸಿಕ್ಕಿತು" ಎಂದು ಗುರುತು ಹಾಕುತ್ತೀರಿ. ಸಿಕ್ಕಿದ್ದು ಅದೃಷ್ಟ ಮಾತ್ರ.

ಹೆಚ್ಚು ಗುಂಡು ಹೊಡೆದರೂ ಈ ದಾರಿ ಕಷ್ಟದ್ದೇ. ವೇಗದ ವ್ಯತ್ಯಾಸ ಬಿಟ್ಟು ಉಳಿದ ಕಾರಣಗಳಿಂದ ನಿಮ್ಮ ಗುಂಡುಗಳು 2.5 ಮಿ.ಮೀ. ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು (ಸರಾಸರಿಯಿಂದ ಎಷ್ಟು ಚದುರುತ್ತವೆ ಎನ್ನುವ ಅಳತೆ) ಹರಡುತ್ತವೆ, ವೇಗದ ಸ್ಟ್ಯಾಂಡರ್ಡ್ ಡೀವಿಯೇಷನ್ ಸೆಕೆಂಡಿಗೆ 2 ಮೀಟರ್ ಎಂದಿಟ್ಟುಕೊಳ್ಳೋಣ. ವೇಗದಿಂದ ಎತ್ತರಕ್ಕೆ ಸೇರುವುದು ಸುಮಾರು 1.5 ಮಿ.ಮೀ. ಇವೆರಡೂ ವರ್ಗ ಮಾಡಿ ಕೂಡುವ ಸಂಖ್ಯೆಗಳಾದ್ದರಿಂದ ಒಟ್ಟು 2.9 ಆಗುತ್ತದೆ. ಟ್ಯೂನರ್ ನೂರಕ್ಕೆ ನೂರು ಕೆಲಸ ಮಾಡಿದರೂ 2.9 ಇದ್ದದ್ದು 2.5ಕ್ಕೆ ಇಳಿಯುತ್ತದೆ. ಐವತ್ತೈವತ್ತು ಗುಂಡು ಹೊಡೆದು ಹೋಲಿಸಿದರೂ ಇಷ್ಟು ಚಿಕ್ಕ ವ್ಯತ್ಯಾಸ ಅನುಮಾನದ ಅಂಚಿನಲ್ಲೇ ಉಳಿಯುತ್ತದೆ. ಪ್ರಾಮಾಣಿಕವಾಗಿ ಪರೀಕ್ಷಿಸಿ "ಏನೂ ಕಾಣಲಿಲ್ಲ" ಎಂದವರಲ್ಲಿ ಅನೇಕರು ಎಡವಿದ್ದು ಇಲ್ಲೇ ಎಂದು ನನ್ನ ಊಹೆ.

ಹಾಗಾಗಿ ಹರಡಿಕೆಯನ್ನು ಬಿಟ್ಟುಬಿಡಿ. ವೇಗದ ಗುಂಡು ಎಲ್ಲಿ ಬಿತ್ತು, ನಿಧಾನದ್ದು ಎಲ್ಲಿ ಬಿತ್ತು ಎಂಬುದನ್ನು ನೇರವಾಗಿ ನೋಡಿ.

ಎರಡು ಲಾಟ್ ಹುಡುಕುವುದು

ಎಲಿ ಕಂಪನಿಯ ಮ್ಯಾಚ್ ಗುಂಡಿನ ಡಬ್ಬದ ಮೇಲೆ ಆ ಲಾಟ್‌ನ ವೇಗವನ್ನು ಅಡಿ ಲೆಕ್ಕದಲ್ಲಿ ಮುದ್ರಿಸಿರುತ್ತಾರೆ. ಒಂದೇ ಬ್ರ್ಯಾಂಡ್, ಒಂದೇ ದರ್ಜೆಯ ಎರಡು ಲಾಟ್ ಬೇಕು, ವೇಗದಲ್ಲಿ ಮಾತ್ರ ಸೆಕೆಂಡಿಗೆ 30 ಅಡಿಯಷ್ಟು, ಅಂದರೆ 9 ಮೀಟರ್‌ನಷ್ಟು ಅಂತರವಿರಬೇಕು. ಬೇರೆ ಬೇರೆ ಬ್ರ್ಯಾಂಡ್ ಬೆರೆಸಬೇಡಿ. ಗುಂಡಿಗೆ ಸವರಿರುವ ಮೇಣ ಒಂದೊಂದರದ್ದು ಒಂದೊಂದು ಬಗೆ, ಬದಲಾಯಿಸಿದಾಗಲೆಲ್ಲ ನಳಿಗೆ ಹೊಸ ಮೇಣಕ್ಕೆ ಹೊಂದಿಕೊಳ್ಳಲು ಕೆಲವು ಗುಂಡು ತಿನ್ನುತ್ತದೆ. ಆಮೇಲೆ ಸ್ನೇಹಿತರು "ಇದು ಮೇಣದ ಆಟ" ಅಂದರೆ ನೀವು ತಲೆ ಅಲ್ಲಾಡಿಸಬೇಕಾಗುತ್ತದೆ.

ನಮ್ಮಲ್ಲಿ ಈ ಗುಂಡು ವಿದೇಶದಿಂದ ಬರಬೇಕು, ಕೈಗೆ ಸಿಕ್ಕ ಲಾಟ್‌ನಲ್ಲೇ ಸಂಸಾರ ಮಾಡಬೇಕು ಎನ್ನುವುದು ನಿಜ. ಕ್ಲಬ್‌ನಲ್ಲಿ ನಾಲ್ಕೈದು ಜನರ ಉಳಿಕೆ ಡಬ್ಬಗಳನ್ನು ಒಟ್ಟು ಹಾಕಿದರೆ ಎರಡು ಲಾಟ್ ಹೇಗೋ ಹೊರಡುತ್ತವೆ. ಸಿಗದಿದ್ದರೆ ಒಂದೇ ಲಾಟ್‌ನಲ್ಲಿ 50 ಗುಂಡು ಹೊಡೆದು, ಪ್ರತಿ ಗುಂಡಿನ ವೇಗ ಮತ್ತು ಎತ್ತರ ಬರೆದುಕೊಂಡು ಗ್ರಾಫ್ ಕಾಗದದ ಮೇಲೆ ಚುಕ್ಕಿ ಇಡಿ. ಚುಕ್ಕಿಗಳ ನಡುವೆ ಹಾದುಹೋಗುವ ಗೆರೆ ಎಷ್ಟು ಓರೆಯಾಗಿದೆ ಎಂಬುದೇ ನಿಮ್ಮ ಉತ್ತರ. ಪರಿಹಾರವೇ ಇಲ್ಲದ, ಅಂದರೆ ನಿಧಾನದ ಗುಂಡನ್ನು ಮೇಲೆತ್ತಿ ಕೊರತೆ ತುಂಬದ ನಳಿಗೆಯಲ್ಲಿ ಸೆಕೆಂಡಿಗೆ ಪ್ರತಿ 1 ಮೀಟರ್ ವೇಗಕ್ಕೆ ಗೆರೆ ಸುಮಾರು 0.8 ಮಿ.ಮೀ. ಏರುತ್ತದೆ, ಸರಿಯಾಗಿ ಹೊಂದಿಸಿದ್ದರಲ್ಲಿ ಮಟ್ಟಸವಾಗುತ್ತದೆ.

ರೈಫಲ್ ಸಿದ್ಧ ಮಾಡುವುದು

ಕ್ಲ್ಯಾಂಪ್ ಮಾಡುವ ಟ್ಯೂನರ್ ಆದರೆ ನಳಿಗೆಗೆ ಥ್ರೆಡ್ ಹಾಕಿಸುವ ತಂಟೆಯಿಲ್ಲ. ಥ್ರೆಡ್ ಬೇಕಾದರೆ ಪರವಾನಗಿ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಿ, ಬೇರೆ ಲೇತ್ ಅಂಗಡಿಗೆ ಬೇಡ. ಕ್ಲ್ಯಾಂಪನ್ನು ತಯಾರಕರು ಹೇಳಿದ್ದಕ್ಕಿಂತ ಬಿಗಿ ಮಾಡಿದರೆ ನಳಿಗೆಯ ಬಾಯಿ ಅದುಮಿ ಹೋಗಬಹುದು, ರಿಮ್‌ಫೈರ್‌ಗೆ ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಆಗದು. ಟ್ಯೂನರ್‌ನ ರಂಧ್ರ ನಳಿಗೆಗೆ ನೇರವಾಗಿ ಕೂತಿದೆಯೇ ಎಂದು ಬೋಲ್ಟ್ ತೆಗೆದು ಹಿಂದಿನಿಂದ ಬೆಳಕು ನೋಡಿ.

ಆ್ಯಕ್ಷನ್ ಸ್ಕ್ರೂ, ಸ್ಕೋಪ್ ಮೌಂಟ್ ಸ್ಕ್ರೂ ಎಲ್ಲವನ್ನೂ ಟಾರ್ಕ್ ವ್ರೆಂಚ್‌ನಲ್ಲಿ ಒಮ್ಮೆ ಬಿಗಿ ಮಾಡಿ, ಪರೀಕ್ಷೆ ಮುಗಿಯುವ ತನಕ ಮುಟ್ಟಬೇಡಿ. ಬೆಂಚ್, ಮುಂದೆ ಗಟ್ಟಿ ರೆಸ್ಟ್, ಹಿಂದೆ ಮರಳಿನ ಚೀಲ. ರೈಫಲ್ ಪ್ರತಿ ಸಲವೂ ರೆಸ್ಟ್ ಮೇಲೆ ಅದೇ ಜಾಗದಲ್ಲಿ ಕೂರಲಿ. ಪರೀಕ್ಷೆಗೆ ಮಾತ್ರ ಸ್ಕೋಪ್ ಬಳಸುವುದು ಒಳ್ಳೆಯದು.

ಕ್ರೋನೋಗ್ರಾಫ್ ವಿಷಯದಲ್ಲಿ ಒಂದು ಎಚ್ಚರಿಕೆ. ಮ್ಯಾಗ್ನೆಟೋಸ್ಪೀಡ್‌ನಂಥ, ನಳಿಗೆಗೇ ಕಟ್ಟುವ ಯಂತ್ರ ಇಲ್ಲಿ ಬೇಡವೇ ಬೇಡ. ಅದೇ ಒಂದು ತೂಕ, ಅದೇ ಒಂದು ಟ್ಯೂನರ್ ಆಗಿಬಿಡುತ್ತದೆ. ಪಕ್ಕದಲ್ಲಿಡುವ ರೇಡಾರ್ ಬಗೆಯದ್ದಾಗಲಿ, ನಳಿಗೆಯ ಮುಂದೆ ಪ್ರತ್ಯೇಕ ಸ್ಟ್ಯಾಂಡ್ ಮೇಲೆ ನಿಲ್ಲುವುದಾಗಲಿ ಸರಿ.

ಟ್ಯೂನರ್ ತಿರುಗಿಸುವವರ ಕೈ ನಳಿಗೆಯ ಬಾಯಿಯ ಪಕ್ಕದಲ್ಲೇ ಇರುತ್ತದೆ. ಆದ್ದರಿಂದ ಪ್ರತಿ ಸಲ ಬೋಲ್ಟ್ ತೆರೆದು, ಚೇಂಬರ್ ಖಾಲಿ ನೋಡಿ, ಸೇಫ್ಟಿ ಫ್ಲ್ಯಾಗ್ ತುರುಕಿ, ರೇಂಜ್ ಆಫೀಸರ್ ಹೂಂ ಅಂದ ಮೇಲಷ್ಟೇ ಕೈ ಹಾಕಬೇಕು. ಇದರಲ್ಲಿ ಅವಸರ ಮಾಡುವವರ ಜೊತೆ ಪರೀಕ್ಷೆಯೇ ಬೇಡ.

ಸೆಟ್ಟಿಂಗ್ ಹುಡುಕುವುದು

ಮೊದಲು ಟ್ಯೂನರ್ ಇಲ್ಲದೆ ಎರಡೂ ಲಾಟ್‌ನಿಂದ ಹತ್ತು ಹತ್ತು ಗುಂಡು ಹೊಡೆಯಿರಿ. ಹತ್ತು ಇದು, ಆಮೇಲೆ ಹತ್ತು ಅದು ಎಂದಲ್ಲ, ಒಂದು ಇದು ಒಂದು ಅದು ಎಂದು ಬೆರೆಸಿ. ಗಾಳಿ, ಬಿಸಿಲು, ನಿಮ್ಮ ದಣಿವು ಎರಡೂ ಲಾಟ್‌ಗೆ ಸಮನಾಗಿ ಹಂಚಿಹೋಗುತ್ತವೆ. ಒಂದೊಂದು ಲಾಟ್‌ನ ಸರಾಸರಿ ಎತ್ತರ ತೆಗೆಯಿರಿ. ಸಿಯಸ್ ಅಥವಾ ಮೈಟನ್ ಎಲೆಕ್ಟ್ರಾನಿಕ್ ಟಾರ್ಗೆಟ್ ಇರುವ ರೇಂಜ್ ಆದರೆ ಪ್ರತಿ ಗುಂಡಿನ ಸ್ಥಾನ ಅಂಕಿಯಲ್ಲೇ ಸಿಗುತ್ತದೆ. ಕಾಗದವಾದರೆ ಒಂದು ಟಾರ್ಗೆಟ್‌ಗೆ ಒಂದೇ ಲಾಟ್‌ನಂತೆ ಎರಡು ಟಾರ್ಗೆಟ್ ಪಕ್ಕಪಕ್ಕ, ಒಂದೇ ಮಟ್ಟಕ್ಕೆ ಅಂಟಿಸಿ.

ಅಂತರ ಸರಿಯಾಗಿ 7 ಮಿ.ಮೀ. ಬರಲೇಬೇಕೆಂದಿಲ್ಲ. ಪ್ರತಿ ನಳಿಗೆಗೂ ಹುಟ್ಟಿನಿಂದಲೇ ಅದರದ್ದೇ ಒಂದು ಚಲನೆ ಇರುತ್ತದೆ. ಕೆಲವು ರೈಫಲ್‌ಗಳಲ್ಲಿ ಅಂತರ ಆಗಲೇ ಕಡಿಮೆ ಇರಬಹುದು. ಅಂಥ ರೈಫಲ್ ನಿಮ್ಮದಾಗಿದ್ದರೆ ಟ್ಯೂನರ್‌ಗೆ ಮಾಡಲು ಹೆಚ್ಚು ಕೆಲಸವಿಲ್ಲ, ದುಡ್ಡು ಉಳಿಯಿತು.

ಈಗ ಟ್ಯೂನರ್ ಹಾಕಿ, ಅದು ಸರಿಯುವ ಪೂರ್ತಿ ಹಾದಿಯನ್ನು ಎಂಟು ಹತ್ತು ಭಾಗ ಮಾಡಿ. ಒಂದೊಂದು ಜಾಗದಲ್ಲಿ ಎರಡೂ ಲಾಟ್‌ನಿಂದ ಐದೈದು ಗುಂಡು, ಬೆರೆಸಿ. ತೂಕ ಸರಿದಾಗ ನಳಿಗೆ ತುಸು ಬಾಗುವುದರಿಂದ ಎಲ್ಲ ಗುಂಡುಗಳೂ ಮೇಲೆ ಕೆಳಗೆ ಸರಿಯುತ್ತವೆ. ಅದಕ್ಕೆ ಗಮನ ಕೊಡಬೇಡಿ. ಆ ಸೆಟ್ಟಿಂಗ್‌ನ ಒಳಗೆ ಎರಡು ಲಾಟ್‌ಗಳ ಸರಾಸರಿಗೆ ಎಷ್ಟು ಅಂತರ ಎಂಬುದಷ್ಟೇ ಬರೆದುಕೊಳ್ಳಿ. ಐದೈದು ಗುಂಡಿಗೆ ಈ ಅಂತರದಲ್ಲೂ ಎರಡು ಮಿ.ಮೀ.ನಷ್ಟು ಏರುಪೇರು ಇದ್ದೇ ಇರುತ್ತದೆ, ಹಾಗಾಗಿ ಒಂದೇ ಅಂಕಿಯನ್ನು ನಂಬದೆ ಸಾಲನ್ನು ನೋಡಿ. ನಿಜವಾದ ಪರಿಣಾಮ ಒಂದು ಸೆಟ್ಟಿಂಗ್‌ನಿಂದ ಪಕ್ಕದ್ದಕ್ಕೆ ನಯವಾಗಿ ಬದಲಾಗುತ್ತದೆ: 6, 5, 5, 3, 2, 1 ಹೀಗೆ. 6, 1, 7, 2 ಎಂದು ಕುಪ್ಪಳಿಸಿದರೆ ನೀವು ಅಳೆಯುತ್ತಿರುವುದು ಟ್ಯೂನರನ್ನಲ್ಲ, ರೆಸ್ಟ್ ಅಥವಾ ಗಾಳಿಯನ್ನು.

ಅಂತರ ಅತಿ ಕಡಿಮೆ ಇರುವ ಜಾಗದ ಅಕ್ಕಪಕ್ಕ ಇನ್ನಷ್ಟು ಹತ್ತಿರದ ಸೆಟ್ಟಿಂಗ್‌ಗಳಲ್ಲಿ ಹತ್ತತ್ತು ಗುಂಡು ಹೊಡೆದು ಒಂದನ್ನು ಆರಿಸಿ. ಅದಕ್ಕೆ "ಒಳ್ಳೆಯದು" ಎಂದು ಹೆಸರಿಡಿ. ಅಂತರ ಅತಿ ಹೆಚ್ಚಿದ್ದ ಜಾಗಕ್ಕೆ "ಕೆಟ್ಟದ್ದು" ಎಂದು.

ಕಣ್ಣು ಕಟ್ಟಿ ಪರೀಕ್ಷೆ

ಇಲ್ಲಿಂದ ಮುಂದೆ ಯಜಮಾನಿಕೆ ಸ್ನೇಹಿತರದ್ದು. ಟ್ಯೂನರ್‌ನ ಅಂಕಿಗಳ ಮೇಲೆ ಸಣ್ಣ ಟೇಪ್ ಅಂಟಿಸಲಿ. ಒಳ್ಳೆಯದೋ ಕೆಟ್ಟದ್ದೋ ಎಂದು ನಾಣ್ಯ ಚಿಮ್ಮಿ, ನೀವು ಬೆನ್ನು ತಿರುಗಿಸಿ ನಿಂತಾಗ ಸೆಟ್ಟಿಂಗ್ ಇಡಲಿ. ಗುಂಡನ್ನೂ ಅವರೇ ಒಂದೊಂದಾಗಿ ಕೈಗೆ ಕೊಡಲಿ, ಯಾವ ಲಾಟ್ ಎಂದು ಹೇಳದೆ. ನೀವು ಹೊಡೆಯುತ್ತೀರಿ, ಅವರು ಬರೆಯುತ್ತಾರೆ. ಒಂದೊಂದು ಸೆಟ್ಟಿಂಗ್‌ಗೆ ಒಂದೊಂದು ಲಾಟ್‌ನಿಂದ 20, ಒಟ್ಟು 80 ಗುಂಡು. ಎಲೆಕ್ಟ್ರಾನಿಕ್ ಟಾರ್ಗೆಟ್‌ನ ಪರದೆ ಕಾಣುತ್ತಿದ್ದರೆ ಎಲ್ಲಿ ಬಿತ್ತೆಂದು ನೋಡಿ ಗುರಿ ತಿದ್ದುವ ಚಪಲ ಬರುತ್ತದೆ, ಆದ್ದರಿಂದ ಪರದೆ ಅವರ ಕಡೆ ತಿರುಗಿರಲಿ.

ಈ ವಿಧಾನದ ಒಂದು ಲಾಭ, ಟ್ಯೂನರ್ ಎರಡೂ ಸಲ ನಳಿಗೆಯ ಮೇಲೇ ಇರುತ್ತದೆ. "ತೂಕ ಹೆಚ್ಚಾಯಿತು, ಅದಕ್ಕೇ ಸ್ಥಿರವಾಯಿತು" ಅನ್ನುವ ವಾದಕ್ಕೆ ಜಾಗವಿಲ್ಲ. ತೂಕ ಅದೇ, ಕೆಲವು ಮಿಲಿಮೀಟರ್ ಸರಿದಿದೆ, ಅಷ್ಟೇ.

20-20 ಗುಂಡಿನ ಸರಾಸರಿಗಳ ಅಂತರದಲ್ಲಿ ಅನಿಶ್ಚಿತತೆ 1 ಮಿ.ಮೀ.ನಷ್ಟು. ಕೆಟ್ಟ ಸೆಟ್ಟಿಂಗ್‌ನಲ್ಲಿ 6-7 ಮಿ.ಮೀ., ಒಳ್ಳೆಯದರಲ್ಲಿ 1 ಬಂದರೆ ಅದನ್ನು ಅದೃಷ್ಟ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಎಷ್ಟು ಬಂದರೆ ಒಪ್ಪುತ್ತೀರಿ ಎಂದು ಅವರಿಂದ ಮೊದಲೇ ಬರೆಸಿಕೊಂಡಿರಿ. ಎಷ್ಟು ಬಂದರೆ ನೀವು ಸೋಲೊಪ್ಪುತ್ತೀರಿ ಎಂದೂ ಅದೇ ಹಾಳೆಯಲ್ಲಿರಲಿ.

ಇಷ್ಟಕ್ಕೂ ಜಗ್ಗದವರಿಗೆ ಇನ್ನೊಂದು ಪರೀಕ್ಷೆಯಿದೆ, ನನಗೆ ಅತಿ ಇಷ್ಟದ್ದು ಅದೇ. ಒಳ್ಳೆಯ ಸೆಟ್ಟಿಂಗ್ ಮುಟ್ಟದೆ ಟಾರ್ಗೆಟ್ಟನ್ನು 25 ಮೀಟರ್‌ಗೆ ತನ್ನಿ. ಅಲ್ಲಿ ವೇಗದ ಕೊರತೆಯಿಂದ ನಿಧಾನದ ಲಾಟ್ ಬೀಳಬೇಕಾದದ್ದು ಬರೀ 1.7 ಮಿ.ಮೀ. ಕೆಳಗೆ. ನಳಿಗೆ ಕೊಡುವ ಹೆಚ್ಚುವರಿ ಕೋನ ಮಾತ್ರ ಅದೇ ಇರುವುದರಿಂದ 3.5 ಮಿ.ಮೀ. ಮೇಲೆತ್ತುತ್ತದೆ. ಅಂದರೆ ನಿಧಾನದ ಗುಂಡು ವೇಗದ ಗುಂಡಿಗಿಂತ ಸುಮಾರು 2 ಮಿ.ಮೀ. ಮೇಲೆ ಬೀಳಬೇಕು! ನಳಿಗೆ ಅಲುಗಾಡದಿದ್ದರೆ ಇದು ಆಗಲು ಸಾಧ್ಯವೇ ಇಲ್ಲ. ಇದನ್ನು ಹೊಡೆಯುವ ಮೊದಲೇ ಹೇಳಿ, ಆಮೇಲೆ ಹೊಡೆಯಿರಿ. 100 ಮೀಟರ್ ರೇಂಜ್ ಸಿಕ್ಕರೆ ಅಲ್ಲಿ ಉಲ್ಟಾ: ಬೇಕಾದದ್ದು 30 ಮಿ.ಮೀ.ನಷ್ಟು ಪರಿಹಾರ, ಸಿಗುವುದು 14, ನಿಧಾನದ ಲಾಟ್ 16 ಮಿ.ಮೀ. ಕೆಳಗೇ ಉಳಿಯಬೇಕು. ಮೂರು ದೂರದಲ್ಲೂ ಲೆಕ್ಕ ಹಾಕಿದ ಹಾಗೆ ಬಂದರೆ ಮಾತಿನ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ಬರುವ ಪ್ರಶ್ನೆಗಳು

"ದೊಡ್ಡ ದೊಡ್ಡ ಶೂಟರ್‌ಗಳು ಎಲ್ಲಿ ಬಳಸುತ್ತಾರೆ?" ರಿಮ್‌ಫೈರ್ ಬೆಂಚ್‌ರೆಸ್ಟ್‌ನಲ್ಲಿ, ಅಂದರೆ ರೈಫಲನ್ನು ಮೇಜಿನ ಮೇಲಿನ ರೆಸ್ಟ್‌ನಲ್ಲಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ, ಟ್ಯೂನರ್ ಇಲ್ಲದ ರೈಫಲ್ ಹುಡುಕುವುದೇ ಕಷ್ಟ. ಒಲಿಂಪಿಕ್ ಬಗೆಯ ಶೂಟರ್‌ಗಳಲ್ಲಿ ಅನೇಕರು ಬೇರೆ ದಾರಿ ಹಿಡಿಯುತ್ತಾರೆ: ಜರ್ಮನಿಯ ಶೋನೆಬೆಕ್‌ನ ಲಾಪುವಾ ಕೇಂದ್ರದಂಥ ಕಡೆ ರೈಫಲ್ ಒಯ್ದು, ತಮ್ಮ ನಳಿಗೆಗೆ ಒಗ್ಗುವ ಲಾಟ್ ಆರಿಸಿ ಪೆಟ್ಟಿಗೆಗಟ್ಟಲೆ ಕೊಳ್ಳುತ್ತಾರೆ. ಅಂದರೆ ನಳಿಗೆಯನ್ನು ಗುಂಡಿಗೆ ಹೊಂದಿಸುವ ಬದಲು ಗುಂಡನ್ನು ನಳಿಗೆಗೆ ಹೊಂದಿಸುವುದು. ಆ ಅನುಕೂಲವಿಲ್ಲದ ನಮ್ಮಂಥವರಿಗೆ ಟ್ಯೂನರ್ ಹೆಚ್ಚು ಉಪಯೋಗ ಎನ್ನುವುದು ನನ್ನ ಅಭಿಪ್ರಾಯ.

"ಬೆಂಚ್ ಮೇಲೆ ಸರಿ, ಪ್ರೋನ್‌ನಲ್ಲಿ?" ಒಳ್ಳೆಯ ಪ್ರಶ್ನೆ. ಪ್ರೋನ್ ಅಂದರೆ ಹೊಟ್ಟೆಯ ಮೇಲೆ ಮಲಗಿ ಹೊಡೆಯುವುದು. ಸ್ಲಿಂಗ್ ಪಟ್ಟಿ ಬಿಗಿದು ಭುಜಕ್ಕೆ ಒತ್ತಿದಾಗ ರೈಫಲ್ ಹಿಮ್ಮೆಟ್ಟುವ ರೀತಿಯೇ ಬೇರೆ, ಬೆಂಚ್‌ನ ಸೆಟ್ಟಿಂಗ್ ಅಲ್ಲಿಗೆ ಹೊಂದುತ್ತದೆ ಎನ್ನುವ ಖಾತ್ರಿಯಿಲ್ಲ. ಎರಡು ಲಾಟ್ ಪರೀಕ್ಷೆಯನ್ನು ಪ್ರೋನ್‌ನಲ್ಲೇ ಮತ್ತೊಮ್ಮೆ ಮಾಡಿ. ಶೂಟರ್‌ನ ಅಲುಗಾಟ ಸೇರುವುದರಿಂದ ಗುಂಡು ಹೆಚ್ಚು ಬೇಕಾಗುತ್ತದೆ. ಸ್ಪರ್ಧೆಗೆ ಒಯ್ಯುವ ಮೊದಲು ರೈಫಲ್‌ನ ಒಟ್ಟು ತೂಕ ಮತ್ತು ನಳಿಗೆಯ ಮೇಲಿನ ಸಾಮಾನಿನ ಬಗ್ಗೆ ಈ ವರ್ಷದ ನಿಯಮ ಪುಸ್ತಕ ನೋಡಿ, ಇಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ ತೋರಿಸಿ. ನಿಯಮಗಳು ಬದಲಾಗುತ್ತಿರುತ್ತವೆ.

"ಸೆಂಟರ್‌ಫೈರ್‌ನಲ್ಲೂ ಹೀಗೇನಾ?" ಹೊತ್ತಿಸುವ ಮದ್ದು ತೋಟಾದ ತಳದ ನಡುವೆ ಇರುವ, ಹೆಚ್ಚು ಬಲದ ರೈಫಲ್‌ಗಳು ಇವು. ಇಲ್ಲಿ ಬಾಯಿ ಬಿಗಿ ಹಿಡಿಯಿರಿ. ಅಮೆರಿಕದ ಬ್ಯಾಲಿಸ್ಟಿಕ್ಸ್ (ಗುಂಡಿನ ಚಲನೆಯ) ತಜ್ಞ ಬ್ರಯಾನ್ ಲಿಟ್ಜ್ ಅವರ ತಂಡ ಸೆಂಟರ್‌ಫೈರ್ ರೈಫಲ್‌ಗಳಲ್ಲಿ ಟ್ಯೂನರ್ ಪರೀಕ್ಷಿಸಿ, ಲೆಕ್ಕಕ್ಕೆ ನಿಲ್ಲುವ ವ್ಯತ್ಯಾಸ ಕಾಣಲಿಲ್ಲ ಎಂದಿದೆ. ಅಲ್ಲಿ ಗುಂಡು ನಳಿಗೆಯಲ್ಲಿ ಇರುವ ಹೊತ್ತು ಕಡಿಮೆ, ವೇಗ ಎರಡೂವರೆ ಪಟ್ಟು, 100 ಗಜದಲ್ಲಿ ವೇಗದ ವ್ಯತ್ಯಾಸದಿಂದಾಗುವ ಏರಿಳಿತವೂ ಅಲ್ಪ. ಮೇಲಾಗಿ ಮದ್ದನ್ನು ತಾವೇ ತುಂಬಿಕೊಳ್ಳುವವರು ವೇಗವನ್ನು ಅಲ್ಲೇ ತಿದ್ದಿಕೊಳ್ಳಬಹುದು. ನಿಮ್ಮ 80 ಗುಂಡು ಸಾಬೀತು ಮಾಡಿದ್ದು ಆ ಒಂದು ಪಾಯಿಂಟ್ 22 ರೈಫಲ್, ಆ ಒಂದು ಟ್ಯೂನರ್ ಬಗ್ಗೆ. ಸ್ನೇಹಿತರ ರೈಫಲ್‌ಗೂ ಅದೇ ಬರುತ್ತದೆಂದು ಬರೆದುಕೊಡಬೇಡಿ. ಟ್ಯೂನರ್ ಬಿಚ್ಚಿ ಅವರ ಕೈಗೆ ಕೊಡಿ, ಉಳಿದ ಗುಂಡನ್ನೂ ಕೊಡಿ, ಮುಂದಿನ ವಾರ ನೀವು ಬರೆದುಕೊಳ್ಳುವವರಾಗಿ ಪಕ್ಕದಲ್ಲಿ ಕೂರಿ.